ಬೈಸಿಕೊಂಡವನ ಆಶೀರ್ವಾದ

ಆ ಶನಿವಾರ ಗೋಪಿನಾಥ ಪಟ್ಟ ಪಾಡಿಗೆಲ್ಲ ಮೂಲ ಒಂದು ನೀಲಿ ಬಕೆಟ್ಟು. ಅದು ಅವನದೇ, ಅನುಮಾನವಿಲ್ಲ. ಹಿಡಿಕೆಗೆ ಅವನ ಹೆಂಡತಿ ಮೈಥಿಲಿ ಸುತ್ತಿದ್ದ ಕೆಂಪು ದಾರ ಇಡೀ ಅಪಾರ್ಟ್‌ಮೆಂಟಿಗೆ ಗೊತ್ತು. ಬೆಳಿಗ್ಗೆ ಗೇಟು ಕಾಯುವ ಅಸ್ಕಾರಿ ನೋಡಿದಾಗ ಬಕೆಟ್ಟು ಪಾರ್ಕಿಂಗಿನ ನಲ್ಲಿಯ ಕೆಳಗಿತ್ತು, ನಲ್ಲಿ ಪೂರ್ತಿ ತೆರೆದಿತ್ತು, ರಿವರ್‌ಸೈಡ್ ಬಡಾವಣೆಯ ಆ ಕಟ್ಟಡದ ಟ್ಯಾಂಕಿನಲ್ಲಿ ತೊಟ್ಟು ನೀರಿರಲಿಲ್ಲ. ನೈರೋಬಿಯ ಜನ ಕರೆಂಟು ಹೋದರೆ ಸಹಿಸಿಕೊಳ್ಳುತ್ತಾರೆ. ತಲೆಗೆ ಶಾಂಪೂ ಹಚ್ಚಿಕೊಂಡ ಮೇಲೆ ನೀರು ನಿಂತರೆ ಯಾವ ಊರಿನವರೂ ಸಹಿಸುವುದಿಲ್ಲ.

ಇದಾವುದರ ಪರಿವೆಯೂ ಇಲ್ಲದೆ ಗೋಪಿನಾಥ ವೆಸ್ಟ್‌ಲ್ಯಾಂಡ್ಸಿನಲ್ಲಿ ಹಲ್ಲಿನ ಡಾಕ್ಟರ ಕುರ್ಚಿಗೆ ಒರಗಿ ಬಾಯಿ ತೆರೆದು ಕೂತಿದ್ದ. ಡಾಕ್ಟರು ದವಡೆ ಹಲ್ಲು ಕಿತ್ತು, ಆ ಜಾಗಕ್ಕೆ ಹತ್ತಿ ತುರುಕಿ, ಒಂದು ಗಂಟೆ ಕಚ್ಚಿ ಹಿಡಿದಿರಿ, ಮಾತಾಡಿದರೆ ರಕ್ತ ನಿಲ್ಲುವುದಿಲ್ಲ ಎಂದು ಹೆದರಿಸಿ ಕಳಿಸಿದರು. ಅವನು ಟ್ಯಾಕ್ಸಿಯಿಂದ ಇಳಿಯುವಾಗ ಪಾರ್ಕಿಂಗಿನಲ್ಲಿ ನಿವಾಸಿಗಳ ತುರ್ತು ಸಭೆ ಸೇರಿತ್ತು. ನಡುವೆ ಬಕೆಟ್ಟು, ಸುತ್ತ ಜನ, ಮುಂದೆ ಅನಿಲ್.

ಅನಿಲ್ ಮೂರನೇ ಮಹಡಿಯವರು. ಅದಕ್ಕಿಂತ ಮುಖ್ಯವಾಗಿ, ಗೋಪಿನಾಥನ ಟೆಲಿಕಾಂ ಕಂಪನಿಯಲ್ಲಿ ಅವನ ಮೇಲಧಿಕಾರಿ. ಗೋಪಿನಾಥನ ನೈರೋಬಿ ಅವಧಿ ಮುಗಿಯುತ್ತ ಬಂದಿತ್ತು. ಇನ್ನೆರಡು ವರ್ಷ ಇಲ್ಲೇ ಬಿಟ್ಟರೆ ಮಗಳು ಅಮೂಲ್ಯ ಇದೇ ಶಾಲೆಯಲ್ಲಿ ಓದು ಮುಗಿಸಬಹುದು. ಅಪ್ಪನ ವರ್ಗಾವಣೆಗಳ ಹಿಂದೆ ಶಾಲೆ ಬದಲಿಸಿ ಬದಲಿಸಿ ಸಾಕಾಗಿದ್ದ ಆ ಹುಡುಗಿ, ಇನ್ನೊಂದು ಊರಿಗೆ ತಾನು ಬರುವುದೇ ಇಲ್ಲ ಎಂದು ಶಪಥ ಮಾಡಿದ್ದಳು. ಅವಳನ್ನು ಇಲ್ಲಿಂದ ಕದಲಿಸುವುದಿಲ್ಲ ಎಂದು ಗೋಪಿನಾಥ ಮಾತು ಕೊಟ್ಟೂ ಬಿಟ್ಟಿದ್ದ. ಅವನನ್ನು ಉಳಿಸಬೇಕೋ ಬೇಡವೋ ಎಂಬ ಶಿಫಾರಸನ್ನು ಅನಿಲ್ ಆ ಸಂಜೆಯೇ ಮೇಲಕ್ಕೆ ಕಳಿಸುವವರಿದ್ದರು.

"ಏನ್ರೀ ಗೋಪಿನಾಥ್, ಸ್ವಲ್ಪನಾದ್ರೂ ಕಾಮನ್ ಸೆನ್ಸ್ ಬೇಡ್ವಾ ನಿಮ್ಗೆ?" ಎಂದು ಅನಿಲ್ ಶುರುಮಾಡಿದ ಮಂಗಳಾರತಿ ಬೇಗ ಮುಗಿಯಲಿಲ್ಲ. ನಲ್ಲಿಯಿಂದ ಹೊರಟು ಆಫೀಸಿನ ತಪ್ಪುಗಳಿಗೆ ಹೋಯಿತು, ಅಲ್ಲಿಂದ ಅವನ ಮರೆವಿಗೆ, ಮರೆವಿನಿಂದ ಅವನು ಅಂಗಿಯ ಗುಂಡಿ ಹಾಕಿಕೊಳ್ಳುವ ರೀತಿಗೆ. ನಿನ್ನೆ ರಾತ್ರಿ ನಾನು ಕೆಳಗೆ ಇಳಿದೇ ಇಲ್ಲ ಎಂಬ ಉತ್ತರ ಗೋಪಿನಾಥನ ನಾಲಿಗೆಯ ತುದಿಯಲ್ಲೇ ಇತ್ತು; ನಾಲಿಗೆಯ ಪಕ್ಕದಲ್ಲಿ ಹತ್ತಿ ಇತ್ತು. ಅವನು ತಲೆ ತಗ್ಗಿಸಿ ನಿಂತ. ಇಂಜೆಕ್ಷನ್ನಿನ ಜೋಮು ಇಳಿದು ನೋವು ಏರತೊಡಗಿತ್ತಾದ್ದರಿಂದ ಕಣ್ಣಲ್ಲಿ ನೀರೂ ಬಂತು.

ಆಗ ಗೇಟಿನಲ್ಲಿ ಎಫ್ರಾಯಿಮ್ ಅಜ್ಜ ಕಾಣಿಸಿಕೊಂಡರು. ನೈರೋಬಿಯಲ್ಲೇ ಹುಟ್ಟಿ ಬೆಳೆದ ಯಹೂದಿ, ನೆಲಮಹಡಿಯಲ್ಲಿ ಒಬ್ಬರೇ ಇದ್ದರು. ಶನಿವಾರ ಅವರ ವ್ರತದ ದಿನ; ವಾಹನ ಹತ್ತದೆ, ಫೋನು ಮುಟ್ಟದೆ, ಕಪ್ಪು ಟೋಪಿ ಧರಿಸಿ ಪ್ರಾರ್ಥನೆಗೆ ಹೋಗಿ ನಡೆದೇ ಬರುತ್ತಿದ್ದರು. ಎಲ್ಲವನ್ನೂ ನಿಂತು ನೋಡಿದ ಅಜ್ಜ ನೇರ ಬಂದು ಗೋಪಿನಾಥನ ಎರಡೂ ಕೈ ಹಿಡಿದುಕೊಂಡರು. ನನ್ನ ಮೊಮ್ಮಗಳಿಗೆ ಹೆರಿಗೆ ಹತ್ತಿರ ಬಂದಿದೆ, ಕಷ್ಟದ ಹೆರಿಗೆ ಅಂತಿದ್ದಾರೆ, ದಯವಿಟ್ಟು ಆಶೀರ್ವಾದ ಮಾಡು ಎಂದರು.

ಸಭೆಗೆ ಸಭೆಯೇ ಬಾಯಿ ಕಳೆದು ನಿಂತಿತು. ಅಜ್ಜ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು: ನಾಲ್ಕು ಜನರೆದುರು ಅವಮಾನವಾದರೂ ತಿರುಗಿ ಒಂದು ಮಾತಾಡದವನು ದೇವರಿಗೆ ತೀರ ಹತ್ತಿರದವನೆಂದು ನಮ್ಮ ಹಿರಿಯರ ನಂಬಿಕೆ. ಆ ಗಳಿಗೆಯಲ್ಲಿ ಅವನು ಹರಸಿದ್ದು ತಪ್ಪುವುದಿಲ್ಲ. ಅಂಥವನು ಕಂಡರೆ ನಮ್ಮ ಜನ ಓಡಿ ಹೋಗಿ ಕೇಳುತ್ತಾರೆ. ನನಗೆ ಓಡಲಾಗದು, ಬೇಗ ನಡೆದು ಬಂದೆ.

ಗೋಪಿನಾಥ ಕ್ಯಾಲೆಂಡರಿನ ದೇವರ ಹಾಗೆ ಬಲಗೈ ಎತ್ತಿ "ಹೂಂ" ಎಂದ. ಅದಕ್ಕಿಂತ ಹೆಚ್ಚು ಅವನಿಂದ ಸಾಧ್ಯವಿರಲಿಲ್ಲ.

ಎದುರು ಮನೆಯ ಭಾನುಮತಿಯವರ ಕೈಯಲ್ಲಿ ಫೋನಿತ್ತು. ಗೋಪಿನಾಥ ಮೆಟ್ಟಿಲು ಹತ್ತಿ ಮನೆ ಸೇರುವುದರೊಳಗೆ ಸುದ್ದಿ ನೈರೋಬಿಯ ಕನ್ನಡಿಗರ ಗುಂಪುಗಳನ್ನೆಲ್ಲ ಸೇರಿತ್ತು. ಮೊದಲು ಬಂದವರು ಮಂಗಳೂರಿನ ಹೆಲನ್ ಟೀಚರು. ತಮಗೆ ಇದರಲ್ಲೆಲ್ಲ ನಂಬಿಕೆಯಿಲ್ಲವೆಂದು ಬಾಗಿಲಲ್ಲೇ ಹೇಳಿ, ಒಳಗೆ ಬಂದು ಕೂತು, ಮೊಂಬಾಸಾ ಬಂದರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದಿರುವ ತಮ್ಮ ಕಾರಿನ ಕತೆ ಹೇಳಿದರು. ಗೋಪಿನಾಥ ಕೈ ಎತ್ತಿದ. ಅವರು ಕಾಫಿ ಕುಡಿದು ಲೋಟ ಇಡುವಾಗ ಏಜೆಂಟನ ಫೋನು ಬಂತು: ಕಾರು ಹೊರಗೆ ಬಂದಿದೆ. ಹೆಲನ್ ಟೀಚರು ಶಿಲುಬೆ ಗುರುತು ಮಾಡಿಕೊಂಡು, ಯಾಕೂ ಇರಲಿ ಎಂದು ಅವನಿಗೂ ಕೈ ಮುಗಿದು ಹೋದರು.

ಆಮೇಲೆ ಮೆಟ್ಟಿಲ ಮೇಲೆ ಸಾಲು. ಒಬ್ಬರಿಗೆ ವೀಸಾ ಬೇಕು, ಒಬ್ಬರಿಗೆ ಅಳಿಯ ಬೇಕು, ಇನ್ನೊಬ್ಬರಿಗೆ ಇರುವ ಅಳಿಯ ಬೇಡ. "ಅಪ್ಪಾ, ಆರ್ ಯೂ ಎ ಗುರು ನೌ?" ಎಂದು ಕೇಳಿದ ಅಮೂಲ್ಯ ಉತ್ತರಕ್ಕೆ ಕಾಯದೆ ಕೋಣೆ ಸೇರಿದಳು.

ಹತ್ತಿ ತೆಗೆದ ಕೂಡಲೇ ಗೋಪಿನಾಥ, ನಲ್ಲಿ ತೆರೆದವನು ನಾನಲ್ಲ ಎಂದು ಎಲ್ಲರಿಗೂ ಹೇಳಿಬರಲು ಎದ್ದ. ಮೈಥಿಲಿ ಅಡ್ಡ ನಿಂತಳು. "ಈಗ ವಾದ ಮಾಡಿದ್ರೆ ಅಜ್ಜ ಹೇಳಿದ್ದೆಲ್ಲ ಹೋಯ್ತು. ಅನಿಲ್ ಶಿಫಾರಸು ಕಳ್ಸೋ ತನ್ಕ ಬಾಯಿ ಮುಚ್ಕೊಂಡಿರಿ." ಅದೂ ಸರಿಯೆನಿಸಿ ಅವನು ಕೂತ. ಒಮ್ಮೆ ಬಚ್ಚಲಿನ ಕನ್ನಡಿಯೆದುರು ತನಗೆ ತಾನೇ ಕೈ ಎತ್ತಿ ಹರಸಿಕೊಳ್ಳಲು ನೋಡಿದ. ನಾಚಿಕೆಯಾಗಿ ಕೈ ಇಳಿಸಿದ.

ಮಧ್ಯಾಹ್ನ ಕಳೆಯುತ್ತಿದ್ದಂತೆ ಭಾನುಮತಿಯವರಿಗೆ ಹೊಸ ಚಿಂತೆ ಹತ್ತಿತು. ಬೈಸಿಕೊಂಡು ಇಷ್ಟು ಹೊತ್ತಾಯಿತಲ್ಲ, ಆಶೀರ್ವಾದದ ಚಾರ್ಜು ಇಳಿದಿದ್ದರೆ? "ಬೇಜಾರ್ ಮಾಡ್ಕೋಬೇಡಿ, ನಿಮ್ ಒಳ್ಳೇದಕ್ಕೇ" ಎಂದು ಪೀಠಿಕೆ ಹಾಕಿ, ಅವನ ಹೊಟ್ಟೆ ಅವನಿಗಿಂತ ಮೊದಲು ಲಿಫ್ಟಿನೊಳಗೆ ಹೋಗುತ್ತದೆ ಎಂದರು. ಸಾಲಿನಲ್ಲಿದ್ದವರೆಲ್ಲ ಧರ್ಮಕಾರ್ಯವೆಂಬಂತೆ ಒಂದೊಂದು ಸೇರಿಸಿದರು. ಇಷ್ಟು ವಿಷಯ ಇವರೆಲ್ಲ ಯಾವಾಗ ಗಮನಿಸಿದ್ದರೋ ಎಂದು ಗೋಪಿನಾಥ ಬೆರಗಾದ. ಕಡೆಗೆ ಮೈಥಿಲಿಯೂ ತನ್ನ ಪಾಲಿನದನ್ನು ಶುರುಮಾಡಿದಳು. ಅವಳದು ಮುಗಿಯುವ ಲಕ್ಷಣವೇ ಕಾಣಲಿಲ್ಲ.

ಗದ್ದಲ ಕೇಳಿ ಎಫ್ರಾಯಿಮ್ ಅಜ್ಜ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಅವರ ಮುಖದಲ್ಲಿ ಸಿಟ್ಟು ಕಂಡದ್ದು ಅದೇ ಮೊದಲು. ಅವಮಾನ ನುಂಗಿದವನು ದೊಡ್ಡವನು, ನಿಜ. ಆದರೆ ಒಬ್ಬನನ್ನು ನಾಲ್ವರೆದುರು ನಾಚಿಸುವುದು ಅವನ ರಕ್ತ ಚೆಲ್ಲಿದ್ದಕ್ಕೆ ಸಮ, ಅವನ ಮುಖ ಹೇಗೆ ಬಿಳಿಚಿಕೊಳ್ಳುತ್ತದೆ ನೋಡಿಲ್ಲವೇ ಎಂದರು. ಎಲ್ಲರೂ ನೆಲ ನೋಡಿದರು. ಸಾಲಿನ ಕೊನೆಯಲ್ಲಿ ಯಾರಿಗೂ ಕಾಣದಂತೆ ನಿಂತಿದ್ದ ಅನಿಲ್ ಮುಖವೇ ಎಲ್ಲರದಕ್ಕಿಂತ ಹೆಚ್ಚು ಬಿಳಿಚಿಕೊಂಡಿತ್ತು.

ಜನ ಕರಗಿದ ಮೇಲೆ ಅನಿಲ್ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ನಲ್ಲಿ ಬಿಟ್ಟಿದ್ದು ನಾನೇ ಗೋಪಿನಾಥ್. ರಾತ್ರಿ ಕಾರ್ ತೊಳೆಯೋಕೆ ಕೆಳಗೇ ಇದ್ದ ನಿಮ್ ಬಕೆಟ್ ತಗೊಂಡೆ. ಫೋನ್ ಬಂತು, ಹೋಗ್ಬಿಟ್ಟೆ. ಬೆಳಿಗ್ಗೆ ಹೇಳೋಕೆ ನಾಚ್ಕೆ ಆಯ್ತು. ನಿಮ್ಗೆ ಬೈತಾ ಬೈತಾ ನೀವೇ ಬಿಟ್ಟಿದ್ದು ಅಂತ ನಂಗೇ ನಂಬ್ಕೆ ಬಂತು."

ಗೋಪಿನಾಥ ಬೆಳಿಗ್ಗೆಯಿಂದ ಹಲ್ಲಿನ ಸಂದಿಯಲ್ಲಿ ಕೂಡಿಟ್ಟಿದ್ದ ಮಾತುಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಈಗ ಹತ್ತಿಯ ಅಡ್ಡಿಯೂ ಇರಲಿಲ್ಲ. ಆದರೆ ಎದುರಿಗೆ ಕೂತಿದ್ದವರು ಮೇಲಧಿಕಾರಿಯ ಹಾಗೆ ಕಾಣಲಿಲ್ಲ. ಮಾರ್ಕ್ಸ್ ಕಾರ್ಡು ತೋರಿಸಲು ಅಂಜುವ ಹುಡುಗನ ಹಾಗೆ ಕಂಡರು. ಗೋಪಿನಾಥನಿಗೆ ನಿಜವಾಗಿಯೂ ಅಯ್ಯೋ ಅನಿಸಿತು. ಬೆಳಿಗ್ಗೆ ಅವನು ಸುಮ್ಮನಿದ್ದದ್ದು ಹತ್ತಿಯ ದೆಸೆಯಿಂದ, ಈಗ ಸುಮ್ಮನಾದದ್ದು ತಾನಾಗಿಯೇ.

"ಬಿಡಿ ಸಾರ್," ಎಂದ.

"ನಂದೊಂದು ಆಸೆ ಇದೆ. ಏನಂತ ಕೇಳ್ಬೇಡಿ. ಹರಸ್ತೀರಾ?"

ಗೋಪಿನಾಥನಿಗೆ ಶಿಫಾರಸಿನ ನೆನಪು ಬಂತು. ಆದರೂ ಮನಸ್ಸಿನಲ್ಲಿ ಕಹಿ ಹುಡುಕಿದರೂ ಸಿಗಲಿಲ್ಲ. "ನೀವು ಅಂದ್ಕೊಂಡಿದ್ದು ಪೂರ್ತಿ ಆಗ್ಲಿ ಸಾರ್," ಎಂದು ಮನಸಾರೆ ಹರಸಿದ. ಅವರು ಹೋದ ಮೇಲೆ ಮೈ ಹಗುರಾಗಿ, ದವಡೆಯ ನೋವೂ ಮರೆತು, ಇದೇ ಇರಬೇಕು ಅಜ್ಜ ಹೇಳಿದ್ದು ಅಂದುಕೊಂಡ.

ಕತ್ತಲಾಗಿ ಶನಿವಾರದ ವ್ರತ ಮುಗಿದ ಮೇಲೆ ಫೋನು ತೆರೆದ ಅಜ್ಜ, ಮೊಮ್ಮಗಳಿಗೆ ಸುಖವಾಗಿ ಹೆಣ್ಣು ಮಗುವಾಗಿದೆ ಎಂದು ಖರ್ಜೂರ ಹಿಡಿದು ಬಂದರು. ಅವರ ಹಿಂದೆ ಭಾನುಮತಿ, ಹೆಲನ್ ಟೀಚರು, ಮೆಟ್ಟಿಲ ತುಂಬ ಜನ. ಅಷ್ಟರಲ್ಲಿ ಅನಿಲ್ ಮೇಲಿನಿಂದ ಓಡಿಬಂದು ಗೋಪಿನಾಥನನ್ನು ತಬ್ಬಿಕೊಂಡರು. ಅವರಿಗೆ ನೈಜೀರಿಯಾದ ಲಾಗೋಸ್ ಕಚೇರಿಯ ಮುಖ್ಯಸ್ಥನ ಹುದ್ದೆ ಸಿಕ್ಕಿತ್ತು.

"ಹಾಗಾದ್ರೆ ನನ್ನ ಶಿಫಾರಸು?" ಎಂದ ಗೋಪಿನಾಥ.

"ಆಗಿದೆ. ಇಲ್ಲಿಗೆ ಹರ್ಷ ಅಂತ ಇನ್ನೊಬ್ರು ಬರ್ತಾರೆ. ನೀವು ನನ್ ಜೊತೆ ಲಾಗೋಸಿಗೆ. ಪೂರ್ತಿ ಆಗ್ಲಿ ಅಂದ್ರಲ್ಲ, ನನ್ನ ಆಸೆಯಲ್ಲಿ ಅರ್ಧ ನೀವೇ. ಅಷ್ಟು ಬೈದ್ರೂ ಒಂದ್ ಮಾತು ತಿರುಗಿಸದ ಮನುಷ್ಯ ನಂಗೆ ಇನ್ನೆಲ್ಲಿ ಸಿಗ್ತಾನೆ? ಗೋಪಿನಾಥ್ ಇಲ್ದೆ ನಾನ್ ಹೋಗಲ್ಲ ಅಂತ ಮೇಲಿನವ್ರಿಗೆ ಹೇಳ್ಬಿಟ್ಟೆ."

ಕೋಣೆಯ ಬಾಗಿಲು ದಢಾರನೆ ತೆರೆಯಿತು. ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಅಮೂಲ್ಯ, ಮೆಟ್ಟಿಲ ತುಂಬ ನಿಂತ ಜನರೆದುರು, ಅಪ್ಪ ಎಂಥವನು ಎಂಬುದನ್ನು ಅಚ್ಚ ಕನ್ನಡದಲ್ಲಿ ಹೇಳತೊಡಗಿದಳು. ಒಂದು ಮಾತೂ ಸುಳ್ಳಾಗಿರಲಿಲ್ಲ. ಗೋಪಿನಾಥ ತಲೆ ತಗ್ಗಿಸಿ, ಬಾಯಿ ಮುಚ್ಚಿಕೊಂಡು ಕೇಳುತ್ತ ನಿಂತ.

ಭಾನುಮತಿಯವರು ಸದ್ದಿಲ್ಲದೆ ಬಂದು ಅವನ ಮುಂದೆ ಕೈ ಮುಗಿದು ನಿಂತರು. ಅವರ ಹಿಂದೆ ಸಾಲು ಬೆಳೆಯಿತು.