ಮಾವನ ರಾಕೆಟ್ಟು ಮತ್ತು ಒಂದು ಸೋಮಾರಿ ಹೆಬ್ಬೆರಳು

ನನ್ನ ಸೋದರಮಾವನಿಗೆ ‘ಆಗಲ್ಲ’ ಎನ್ನುವ ಮಾತು ಕೇಳಿಸುವುದಿಲ್ಲ. ಕಿವಿ ಮಂದವೇನೋ ಅಂದುಕೊಳ್ಳಬೇಡಿ! ಅಡುಗೆಮನೆಯಲ್ಲಿ ಅತ್ತೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೆ ಹೊರಗೆ ಕಾಫಿ ಕಣದಲ್ಲಿ ನಿಂತ ಮಾವನಿಗೆ ಕೇಳಿಸುತ್ತದೆ. ಕೇಳಿಸದಿರುವುದು ಆ ಒಂದು ಮಾತು ಮಾತ್ರ.

ಹಿಂದೊಮ್ಮೆ ವನಗೂರಿನ ಕಡೆ ನೆಂಟರ ಮನೆಗೆ ಹೊರಟಿದ್ದೆವು. ಏರು ಶುರುವಾಗುವಲ್ಲಿ ಯಾರೋ ಪುಣ್ಯಾತ್ಮರು, ‘ಈ ಏರು ನಿಮ್ಮ ಹಳೇ ಜೀಪಿಗೆ ಆಗಲ್ಲ ಬುಡಿ’ ಎಂದುಬಿಟ್ಟರು. ಇನ್ನು ಕೇಳಬೇಕೆ! ಮೂರು ಸಲ ನುಗ್ಗಿಸಿದರು, ಮೂರು ಸಲವೂ ಜೀಪು ಏದುಸಿರು ಬಿಟ್ಟು ನಿಂತಿತು. ಮಾವ ಅದನ್ನು ತಿರುಗಿಸಿ ನಿಲ್ಲಿಸಿ, ರಿವರ್ಸ್ ಗೇರು ಹಾಕಿ, ಹಿಂದುಹಿಂದಾಗಿಯೇ ಗುಡ್ಡ ಹತ್ತಿಸಿಬಿಟ್ಟರು. ಅಂಗಳಕ್ಕೆ ಬಂದು ನಿಂತಾಗ ನೆಂಟರು ಜೀಪಿನ ಬೆನ್ನು ನೋಡಿ ಕೇಳಿದ್ದು ಒಂದೇ ಮಾತು: ‘ನೀವು ಬತ್ತಿದೀರೋ, ಹೋಗ್ತಿದೀರೋ?’

ಇಂಥ ಮಾವನಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಕಾಲು ಬೇಗ ಸರಿಹೋಯಿತು. ಬಾಯಿಗೆ ಏನೂ ಆಗಲಿಲ್ಲ, ಅದು ನಮ್ಮೆಲ್ಲರ ಹಣೆಬರಹ. ಆದರೆ ಎಡಗೈ ಬಿದ್ದುಹೋಯಿತು. ತಿಂಗಳುಗಳು ಕಳೆದ ಮೇಲೆ ಬೆರಳುಗಳು ಮಡಚತೊಡಗಿದವು, ಹೆಬ್ಬೆರಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹಾಸನದ ಡಾಕ್ಟರು, ‘ಒಂದು ವರ್ಷದೊಳಗೆ ಎಷ್ಟು ಬರುತ್ತೋ ಅಷ್ಟು. ಆಮೇಲೆ ಹೆಚ್ಚು ಆಸೆ ಇಟ್ಕೋಬೇಡಿ’ ಎಂದಿದ್ದರು. ಮಾವನಿಗೆ ಇದೂ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು. ಅಂದಿನಿಂದ ಅತ್ತೆ ಕ್ಯಾಲೆಂಡರಿನ ಹಾಳೆ ತಿರುಗಿಸುವಾಗಲೆಲ್ಲ ಅವರ ಮುಖ ಸಣ್ಣಗಾಗುತ್ತಿತ್ತು.

ಹೆಬ್ಬೆರಳಿಗೆ ವ್ಯಾಯಾಮ ಆಗಲೆಂದು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ದಿನಕ್ಕೆ ನೂರು ಸಲ ಹಿಸುಕಬೇಕು. ಮಾವ ಅದನ್ನು ನಾಯಿಗೆ ಕೊಟ್ಟರು.

‘ಅದ್ಯಾಕ್ರೀ ನಾಯಿಗೆ ಕೊಟ್ರಿ?’ ಅಂದರು ಅತ್ತೆ.

‘ನಂಗೇನು ಮೂರು ವರ್ಷವಾ, ಚೆಂಡು ಇಟ್ಕೊಂಡು ಆಡಾಕೆ?’

ನಾಯಿ ಮಾತ್ರ ತಪ್ಪದೆ ವ್ಯಾಯಾಮ ಮಾಡಿ ದವಡೆಯನ್ನು ಬಹಳ ಗಟ್ಟಿ ಮಾಡಿಕೊಂಡಿತು!

ಹೀಗಿರುವಾಗ ರಾಕೆಟ್ಟು ಬಂತು. ನಾನು ಸಕಲೇಶಪುರದಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳಿಕೊಡುವವಳು. ಮಕ್ಕಳಿಗೆ ತೋರಿಸೋಣ ಅಂತ ರಾಕೆಟ್ ಮಾಡುವ ಕಿಟ್ ಒಂದನ್ನು ತರಿಸಿದ್ದೆ. ಕಾಗದದ ಕೊಳವೆ, ಹಗುರ ಮರದ ಮೂರು ರೆಕ್ಕೆ, ಪ್ಲಾಸ್ಟಿಕ್ ಮೂತಿ, ಒಂದು ಪುಟಾಣಿ ಪ್ಯಾರಾಚೂಟು, ಮದ್ದು ತುಂಬಿದ ಎರಡು ಸಣ್ಣ ಇಂಜಿನ್. ನಮ್ಮ ಹೆಡ್‌ಮಾಸ್ತರರು ಪೆಟ್ಟಿಗೆಯನ್ನು ಮುಟ್ಟದೆಯೇ, ‘ಹೆಂಚು ಒಡೆದ್ರೆ ಯಾರು ಜವಾಬ್ದಾರಿ ಮೇಡಂ?’ ಎಂದರು. ಸಿಟ್ಟು ಬಂದು, ಭಾನುವಾರ ಹೊಂಗಡಹಳ್ಳದಲ್ಲಿರುವ ಮಾವನ ಮನೆಗೆ ಹೋದವಳು ಪೆಟ್ಟಿಗೆಯನ್ನು ಅಲ್ಲೇ ಜಗಲಿಯ ಮೇಲೆ ಎಸೆದೆ.

ಮಾವ ಕನ್ನಡಕ ಏರಿಸಿ, ‘ಏನೇ ಇದರ ಮೇಲೆ ಬರ್ದಿರೋದು?’ ಎಂದರು.

‘ಹತ್ತು ವರ್ಷ ಮೇಲ್ಪಟ್ಟವರಿಗೆ. ದೊಡ್ಡವರ ಮೇಲ್ವಿಚಾರಣೆಯಲ್ಲಿ ಮಾತ್ರ.’

‘ನಂಗೆ ಅರವತ್ತೇಳು! ನನ್ನ ಮೇಲ್ವಿಚಾರಣೆ ಮಾಡೋ ದೊಡ್ಡೋರು ಯಾರವ್ರೆ ಇಲ್ಲಿ?’

‘ನಾನಿಲ್ವಾ?’ ಒಳಗಿನಿಂದ ಅತ್ತೆಯ ದನಿ.

ಅಷ್ಟೇ ಸಾಕಾಯಿತು. ಈ ರಾಕೆಟ್ಟನ್ನು ತಾವೊಬ್ಬರೇ ಕಟ್ಟುವುದು, ತಾವೊಬ್ಬರೇ ಹಾರಿಸುವುದು, ಇನ್ನೊಬ್ಬರ ಕೈ ತಾಗಿದರೆ ಅದು ನೇರ ಬಚ್ಚಲ ಒಲೆಗೆ ಎಂದು ಮಾವ ಜಗಲಿಯ ಮೇಲೆ ನಿಂತು ಸಾರಿದರು. ನೀವೇ ಹೇಳಿ, ಅಂಗಿಯ ಗುಂಡಿಯನ್ನೂ ಹೆಂಡತಿ ಹಾಕಿಕೊಡಬೇಕಾದ ಮನುಷ್ಯ ರಾಕೆಟ್ ಕಟ್ಟುತ್ತೇನೆ ಎಂದರೆ ಏನನ್ನಬೇಕು? ನಾನು ‘ಆಗಲ್ಲ’ ಎನ್ನಲು ಬಾಯಿ ತೆರೆದವಳು, ಪ್ರಯೋಜನವಿಲ್ಲವೆಂದು ಮುಚ್ಚಿಕೊಂಡೆ.

ನೋಡಬೇಕಿತ್ತು ಆ ವೈಭವ! ಎಡಗೈಯನ್ನು ಬಲಗೈಯಿಂದ ಎತ್ತಿ ತಂದು ಕೊಳವೆಯ ಮೇಲೆ ಇಡುವರು. ‘ಹಿಡ್ಕೊಂಡಿರು ಮಗನೇ’ ಎಂದು ಅದಕ್ಕೆ ಹೇಳುವರು. ಅದು ಜಾರಿ ಬೀಳುವುದು. ‘ನೋಡೇ, ಈ ಆಳು ಬೆಳಗ್ಗೆ ಹಾಜರಿ ಹಾಕ್ಸಿ, ಆಮೇಲೆ ಮರದ ಬುಡದಾಗೆ ಮಲ್ಗೋ ಜಾತಿ’ ಎಂದು ನನಗೆ ದೂರುವರು. ಮತ್ತೆ ಎತ್ತುವರು. ಮೊದಲ ರೆಕ್ಕೆ ಮೇಜಿನ ಮೇಲಿದ್ದ ಪೇಪರಿಗೆ ಅಂಟಿತು. ಎರಡನೆಯದು ಮಾವನ ಮೊಣಕೈಗೆ ಅಂಟಿ, ಅವರು ಅದರೊಂದಿಗೇ ತೋಟ ಸುತ್ತಿ ಬಂದರು. ಕೊಳವೆಗೆ ನೆಟ್ಟಗೆ ಅಂಟುವಷ್ಟರಲ್ಲಿ ವಾರ ಕಳೆದಿತ್ತು. ಅತ್ತೆ ತಡೆಯಲಾರದೆ ಕೈ ಚಾಚಿದರೆ, ‘ತೆಗಿ ಕೈ! ನೀನು ಮೇಲ್ವಿಚಾರಣೆ. ಅಂದ್ರೆ ಸುಮ್ಕೆ ಕೂತ್ಕೊಂಡು ನೋಡಾದು’ ಎಂದು ಗದರುವರು.

ಅತ್ತೆಗೆ ಈ ಆಟಿಕೆಯ ಮೇಲೆ ಕಿಂಚಿತ್ತೂ ಗೌರವವಿರಲಿಲ್ಲ. ಪ್ಯಾರಾಚೂಟು ಸುಡದಿರಲೆಂದು ಅದರ ಕೆಳಗೆ ತುರುಕುವ ಒಂದು ಬಗೆಯ ಕಾಗದ ಪೆಟ್ಟಿಗೆಯಲ್ಲಿತ್ತು. ಅದು ಬೆಂಕಿಗೆ ಹತ್ತಿಕೊಳ್ಳುವುದಿಲ್ಲ ಎಂದು ನಾನು ಹೇಳಿದ್ದೇ ತಪ್ಪಾಯಿತು. ಒಂದು ಹಾಳೆಯನ್ನು ಸೀದಾ ಒಲೆಗೆ ಹಾಕಿ ಕಾದು ನಿಂತರು. ಅದು ಕಪ್ಪಗಾಯಿತೇ ಹೊರತು ಜ್ವಾಲೆ ಏಳಲಿಲ್ಲ. ‘ಅಯ್ಯೋ ಶಿವನೇ, ನಿಮ್ಮ ಮಾವನ ತರವೇ ಐತಲ್ಲೇ!’ ಎಂದು ಬೆರಗಾದರು.

ರಾಕೆಟ್ಟು ಸಿದ್ಧವಾದ ಮೇಲೆ ಇನ್ನೊಂದು ತಾಪತ್ರಯ. ಕಾಫಿ ತೋಟದಲ್ಲಿ ಎಲ್ಲವೂ ಸಿಕ್ಕೀತು, ಆಕಾಶ ಸಿಕ್ಕುವುದಿಲ್ಲ. ಎಲ್ಲಿ ತಲೆ ಎತ್ತಿದರೂ ನೆರಳು ಮರ! ಬಯಲು ಎಂಬುದು ಇದ್ದರೆ ಕಾಫಿ ಒಣಗಿಸುವ ಕಣವೊಂದೇ, ಅಲ್ಲಿ ಕಾಫಿ ಹರಡಿತ್ತು. ಅದು ಒಣಗಿ, ಮೂಟೆ ಕಟ್ಟಿ, ಕಣ ಖಾಲಿಯಾಗುವವರೆಗೆ ಮಾವ ರಾಕೆಟ್ಟನ್ನು ದೇವರ ಮನೆಯಲ್ಲಿಟ್ಟು ಕಾದರು.

ಹಾರಿಸುವ ಹಿಂದಿನ ದಿನ ನಾನು ಸೂಚನೆಗಳ ಕೊನೆಯ ಪುಟ ಓದಿದೆ. ರಾಕೆಟ್ಟಿನಿಂದ ಉದ್ದ ವೈರಿನಲ್ಲಿ ಬರುವ ಒಂದು ಸಣ್ಣ ಡಬ್ಬಿ ಇದೆಯಲ್ಲ, ಅದನ್ನು ಒಂದು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಕೀಲಿ ಒತ್ತಿ ಹಿಡಿಯಬೇಕು. ಆಗ ದೀಪ ಹತ್ತುತ್ತದೆ. ಕೀಲಿ ಬಿಡದೆ, ಇನ್ನೊಂದು ಕೈಯಿಂದ ಗುಂಡಿ ಒತ್ತಬೇಕು.

‘ಮಾವ, ಇದಕ್ಕೆ ಎರಡು ಕೈ ಬೇಕಂತೆ.’

‘ನಂಗೆಷ್ಟು ಐತೆ?’

‘ಎರಡು.’

‘ಮತ್ತೆ!’

ಮರುದಿನ ತಿಂಡಿ ಆದ ಮೇಲೆ ಕಣದಲ್ಲಿ ಸೇರಿದೆವು. ಎಲೆಯೂ ಅಲುಗದಂತೆ ಗಾಳಿ ನಿಂತಿತ್ತು. ಬೇಸಿಗೆಯಲ್ಲವೇ, ಅತ್ತೆ ಸುತ್ತಲೂ ನೀರು ಹೊಡೆದು, ಗೋಣಿಚೀಲ ನೆನೆಸಿ, ನಾಲ್ಕು ಬಕೆಟ್ ತುಂಬಿಸಿಟ್ಟಿದ್ದರು. ಪಕ್ಕದ ಎಸ್ಟೇಟಿನ ರೈಟರು ಸುದ್ದಿ ಕೇಳಿ ಬಂದಿದ್ದರು. ತೋಟದ ಲೆಕ್ಕ, ಆಳುಗಳ ಹಾಜರಿ ನೋಡಿಕೊಳ್ಳುವ ಗಂಭೀರ ಮನುಷ್ಯ.

‘ಇದು ಆನೆ ಓಡ್ಸಾಕಾ?’ ಎಂದರು.

‘ಅಲ್ಲ’ ಎಂದರು ಮಾವ.

‘ಢಂ ಅನ್ನಕಿಲ್ವಾ?’

‘ಇಲ್ಲ. ಮೇಲೆ ಹೋಯ್ತದೆ, ಕೆಳಗೆ ಬತ್ತದೆ.’

‘ಅದಕ್ಯಾಕೆ ಇಷ್ಟು ಕಷ್ಟ ಮಾರಾಯ್ರೇ? ಒಂದು ಕಲ್ಲು ಎಸುದ್ರೂ ಹಂಗೇ ಆಯ್ತದಲ್ಲ!’

ಮಾವ ಸ್ಟೂಲಿನ ಮೇಲೆ ಕುಳಿತು, ಡಬ್ಬಿಯನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ನಾಲ್ಕು ಬೆರಳು ನಿಧಾನವಾಗಿ ಅದನ್ನು ಅಪ್ಪಿದವು. ಬಲಗೈಯಿಂದ ಹೆಬ್ಬೆರಳನ್ನು ತಂದು ಕೀಲಿಯ ಮೇಲೆ ಕೂರಿಸಿದರು. ನಾನು ಐದರಿಂದ ಎಣಿಸಿದೆ. ಸೊನ್ನೆಗೆ ಬಂದರೂ ದೀಪ ಹತ್ತಲಿಲ್ಲ. ಹೆಬ್ಬೆರಳು ಜಾರಿ ಪಕ್ಕಕ್ಕೆ ಬಿದ್ದಿತ್ತು.

‘ಆಯ್ತಾ?’ ಎಂದರು ರೈಟರು.

ಎರಡನೆಯ ಸಲವೂ ಹಾಗೇ. ಮಾವನ ಕತ್ತಿನ ನರ ಉಬ್ಬಿತು, ಬೆವರು ಗಲ್ಲಕ್ಕಿಳಿಯಿತು. ಕೀಲಿ ಹಿಡಿಯಲೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ.

‘ಮುಟ್ಟಿದ್ರೆ ನೋಡು!’ ಎಂದು ಮಾವ ಗುಡುಗಿದರು. ಆ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಮಾವ ಹೆದರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಡಾಕ್ಟರ ಮಾತು ಇವರಿಗೂ ಕೇಳಿಸಿತ್ತು ಎಂದು ಆಗ ಗೊತ್ತಾಯಿತು. ನನಗೆ ಅಳು ಬಂತು.

ಅತ್ತೆ ಬಕೆಟ್ ಬಿಟ್ಟು ಬಂದು ಮಾವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು. ಮುಟ್ಟಲಿಲ್ಲ. ಬಿಸಿಲಿಗೆ ದೀಪ ಕಾಣುವುದಿಲ್ಲವೆಂದು ಸೆರಗನ್ನು ಡಬ್ಬಿಯ ಮೇಲೆ ನೆರಳಿನಂತೆ ಹಿಡಿದರು ಅಷ್ಟೇ. ‘ಎಣ್ಸೇ’ ಎಂದರು ನನಗೆ.

ಐದು. ನಾಲ್ಕು. ಮೂರು. ಎರಡು...

‘ಹತ್ತಿತು ಕಣ್ರೀ!’ ಅತ್ತೆ ಕಿರುಚಿದರು.

ಮಾವನ ಬಲಗೈ ಗುಂಡಿ ಒತ್ತಿತು. ಸುಂಯ್! ಎಂದದ್ದೊಂದೇ ಗೊತ್ತು. ಹೊಗೆಯ ಗೀರೊಂದು ನೆಟ್ಟಗೆ ಎದ್ದು, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳನ್ನು ದಾಟಿ, ಇನ್ನೂ ಮೇಲೆ ಹೋಯಿತು. ಪಟ್ ಅಂತ ಪ್ಯಾರಾಚೂಟು ಬಿಚ್ಚಿಕೊಂಡಿತು. ರೈಟರು ಲೆಕ್ಕವನ್ನೆಲ್ಲ ಮರೆತು, ‘ಹೋಗ್ಬುಡ್ತಲ್ಲಪ್ಪೋ! ಹೋಗ್ಬುಡ್ತು!’ ಎಂದು ಕುಣಿದಾಡಿದರು. ರಾಕೆಟ್ಟು ಆರಾಮಾಗಿ ತೂಗಾಡುತ್ತ ಇಳಿದು ಕಣದಂಚಿನ ಕಾಫಿ ಗಿಡದ ಮೇಲೆ ಕುಳಿತಿತು. ನಾನು ಓಡಿಹೋಗಿ ಎತ್ತಿಕೊಂಡು ಬಂದೆ. ಒಂದು ರೆಕ್ಕೆಯೂ ಮುರಿದಿರಲಿಲ್ಲ.

‘ಎಷ್ಟು ಮೇಲೆ ಹೋಯ್ತು ನೋಡಿದ್ಯಾ?’ ಮಾವ ಬೀಗುತ್ತ ಅತ್ತೆಯನ್ನು ಕೇಳಿದರು.

‘ಇಲ್ಲ’ ಅಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ.

‘ಅಂದ್ರೆ?’

‘ನೋಡ್ನಿಲ್ಲ ಕಣ್ರೀ. ನಾನು ನಿಮ್ಮ ಹೆಬ್ಬೆಟ್ಟು ನೋಡ್ತಿದ್ದೆ.’

ಮಾವ ತಲೆ ಬಗ್ಗಿಸಿ ನೋಡಿದರು. ಡಬ್ಬಿ ಇನ್ನೂ ಅವರ ಎಡಗೈಯಲ್ಲೇ ಇತ್ತು. ಹೆಬ್ಬೆರಳು ಕೀಲಿಯ ಮೇಲೆ ಗಟ್ಟಿಯಾಗಿ ಕುಳಿತಿತ್ತು. ಕೊನೆಗೆ ನನ್ನ ಕಡೆ ತಿರುಗಿದರು.

‘ಪೆಟ್ಟಿಗೇಲಿ ಇನ್ನೊಂದು ಇಂಜಿನ್ ಐತೆ, ತಾರೇ.’

ಆಮೇಲೆ ಅತ್ತೆಗೆ ಹೇಳಿದರು:

‘ಈ ಸಲ ನೀನು ಮೇಲೆ ನೋಡು. ಹೆಬ್ಬೆಟ್ಟು ನಾನು ನೋಡ್ಕತೀನಿ.’