ಹೊರಟ ಮೇಲೆ ಏನೂ ಕೇಳಂಗಿಲ್ಲ

ವಿಮಾನ ಬೀಳಿಸುವುದರಲ್ಲಿ ನಮ್ಮ ಭಾವನನ್ನು ಮೀರಿಸುವವರಿಲ್ಲ! ಗಾಬರಿಯಾಗಬೇಡಿ, ಬೀಳಿಸುವುದೆಲ್ಲ ಅವರ ತಲೆಯೊಳಗೇ. ಅಕ್ಕನ ಗಂಡನಾದ ಈ ಮಹಾನುಭಾವರ ಕೆಲಸವೇ ವಿಮಾನದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು. ಕೂತಲ್ಲಿ ಕೂರರು, ನಿಂತಲ್ಲಿ ನಿಲ್ಲರು. ದೇವನಹಳ್ಳಿಗೆ ಏರ್‌ಪೋರ್ಟ್ ಬಂದ ಮೇಲಂತೂ ನಮ್ಮ ಮನೆಯ ನೆತ್ತಿಯ ಮೇಲೇ ವಿಮಾನಗಳ ಓಡಾಟ. ಸದ್ದು ಕೇಳಿದರೆ ಸಾಕು, ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತಾರೆ. ಅದು ಕಣ್ಮರೆಯಾಗುವವರೆಗೆ ತುತ್ತು ಇಳಿಯುವುದಿಲ್ಲ. ತಾವು ಮಾತ್ರ ಒಮ್ಮೆಯೂ ಹತ್ತಿದವರಲ್ಲ!

ಅವರ ಹಿಂದೆಯೇ ಅಮ್ಮನೂ ಅಂಗಳಕ್ಕೆ ಬರುತ್ತಾಳೆ. ಅವಳದು ಭಯವಲ್ಲ, ಆಸೆ. “ಒಂದ್ಸಲ ನಿನ್ನ ಹತ್ತಿಸ್ತೀನಿ ಕಣೇ” ಎಂದಿದ್ದ ಅಪ್ಪ, ಹತ್ತಿಸುವ ಮೊದಲೇ ಹೋಗಿಬಿಟ್ಟರು.

ಒಮ್ಮೆ ಎಲ್ಲರೂ ಘಾಟಿಯ ದೇವಸ್ಥಾನಕ್ಕೆ ಹೊರಟೆವು. ಕಾರು ಸ್ಟಾರ್ಟ್ ಆಗುವ ಮುಂಚೆಯೇ ಭಾವ ಎಲ್ಲರ ಕೈಗೂ ನೀರಿನ ಬಾಟಲಿ, ಎರಡೆರಡು ಕೋಡುಬಳೆ ತುರುಕಿದರು.

“ಬೇಕಾದ್ದೆಲ್ಲ ಈಗ್ಲೇ ಕೇಳ್ಬಿಡಿ. ಹೊರಟ್ಮೇಲೆ ಹೊಸದಾಗಿ ಏನೂ ಕೇಳಂಗಿಲ್ಲ!”

ವಿಮಾನದ ಪ್ರೋಗ್ರಾಮಿಗೂ ಇದೇ ಕಟ್ಟಳೆಯಂತೆ. ಬೇಕಾದ ಮೆಮೊರಿಯನ್ನೆಲ್ಲ ನೆಲದ ಮೇಲಿದ್ದಾಗಲೇ ತೆಗೆದಿಟ್ಟುಕೊಳ್ಳಬೇಕು. ಆಕಾಶದಲ್ಲಿ ಕೇಳಿ, ಸಿಗದೇ ಹೋದರೆ? ದೊಡ್ಡಬಳ್ಳಾಪುರ ದಾಟುತ್ತಿದ್ದಂತೆ ನನಗೆ ಎಳನೀರಿನ ಆಸೆಯಾಯಿತು. “ಮನೇಲೇ ಯಾಕೆ ಹೇಳ್ಲಿಲ್ಲ?” ಎಂದವರು ದೇವಸ್ಥಾನದವರೆಗೂ ಬ್ರೇಕು ಮುಟ್ಟಲಿಲ್ಲ!

ಇನ್ನು ಅಕ್ಕನ ಮಗಳ ನಾಮಕರಣದ ಕಥೆ. ಅಡುಗೆಯವರಿಗೆ ಹುಷಾರಿಲ್ಲದೆ ಅವರ ಮಗ ಬಂದಿದ್ದ. ಅವನಿಗೂ ನಲವತ್ತು ದಾಟಿತ್ತು. ಭಾವ ಹಿಂದಿನ ದಿನವೇ ಅವನಿಂದ ಸಾರು, ಪಲ್ಯ, ಪಾಯಸ ಎಲ್ಲ ಮಾಡಿಸಿ ರುಚಿ ನೋಡಿದರು. ಕೊನೆಗೆ ಬರೀ ನೀರನ್ನೂ ಕಾಯಿಸಿ ತೋರಿಸು ಎಂದರು!

“ಅಪ್ಪನ ಕೈರುಚಿ ಮಗನಿಗೆ ಬಂದೇ ಬಂದಿರತ್ತೆ, ಬಿಡಿ ಭಾವ” ಎಂದೆ.

“ಬಂದಿರತ್ತೆ ಅಂತ ನೋಡ್ದೆ ಬಿಡಕ್ಕಾಗತ್ತೇನಯ್ಯಾ?”

ಶುರುವಾಯಿತು ಪಾಠ. ಈಗಿನದು ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಂತೆ. ಅದರ ತುಂಡುಗಳ ನಡುವೆಯೂ ಅಪ್ಪ-ಮಕ್ಕಳ ಸಂಬಂಧ. ಅಪ್ಪನ ಗುಣವೆಲ್ಲ ಮಕ್ಕಳಿಗೆ ಪುಕ್ಕಟೆ.

“ಪುಕ್ಕಟೆ ಬಂದಿದ್ದನ್ನೇ ಮತ್ತೆ ಮತ್ತೆ ಪರೀಕ್ಷೆ ಮಾಡ್ಬೇಕು ಕಣಯ್ಯ. ಅಪ್ಪನ ಜಾಗದಲ್ಲಿ ಮಗ ಕೂತ್ರೆ, ಅಪ್ಪ ಕೊಟ್ಟ ಮಾತನ್ನೆಲ್ಲ ಅವನೂ ಉಳಿಸ್ಬೇಕು. ಇಲ್ದಿದ್ರೆ ವಿಮಾನ ಬಿತ್ತು ಅಂತ್ಲೇ ತಿಳ್ಕೊ!”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ.

“ಮಾವ ಅತ್ತೆಗೆ ಒಂದು ಮಾತು ಕೊಟ್ಟಿದ್ರಲ್ಲ, ಅದೇನಾಯ್ತು?”

ನನ್ನ ನಗು ಅಲ್ಲೇ ನಿಂತಿತು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ನಾನು ಎಷ್ಟು ವರ್ಷ ದೂಡಿದ್ದೆ! ಅಮ್ಮ ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅವತ್ತೇ ಹುಬ್ಬಳ್ಳಿಗೆ ವಿಮಾನದ ಎರಡು ಟಿಕೆಟ್ ತೆಗೆಯಲು ಹೊರಟೆ.

“ಮೂರು ತೆಗಿ” ಎಂದರು ಭಾವ. ಹಣೆಯಲ್ಲಿ ಆಗಲೇ ಬೆವರು!

ಕಿಟಕಿ ಪಕ್ಕ ಅಮ್ಮ, ನಡುವೆ ಭಾವ, ಈಚೆಗೆ ನಾನು. ಕೂತ ಮೇಲೂ ಅವರಿಗೆ ಸಮಾಧಾನವಿಲ್ಲ. “ಅತ್ತೆ, ನೀರು ಬೇಕಾ? ಶಾಲು? ಏನಿದ್ರೂ ಈಗ್ಲೇ ಹೇಳಿ.” ಅಮ್ಮ ಎಲ್ಲಕ್ಕೂ ಬೇಡ ಬೇಡ ಎಂದಳು. ಎಂಜಿನ್ ಮೊರೆಯಿತು. ಭಾವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಚಕ್ರ ನೆಲ ಬಿಟ್ಟಿತು.

“ಅಳಿಯಂದ್ರೇ,” ಎಂದಳು ಅಮ್ಮ ಮೆಲ್ಲಗೆ, “ಒಸಿ ಕೈ ಕೊಡ್ತೀರಾ?”

ಹೊರಟ ಮೇಲೆ ಕೇಳಿಬಿಟ್ಟಳಲ್ಲ! ನಾನು ಭಾವನ ಮುಖ ನೋಡಿದೆ. ಅವರು ಕಣ್ಣು ತೆರೆದರು. ಎರಡೂ ಕೈಗಳಲ್ಲಿ ಅಮ್ಮನ ಕೈ ಹಿಡಿದುಕೊಂಡರು.

“ಕೇಳಿ ಅತ್ತೆ,” ಎಂದರು, “ಇನ್ನೂ ಏನೇನ್ ಬೇಕೋ ಕೇಳಿ.”