ಡಿಸ್ಕ್ ಕೆಟ್ಟರೆ ಯಾರ ಮೇಲೆ ಗುಮಾನಿ?

ಯಂತ್ರ ಕೆಟ್ಟಿತೆಂದರೆ ಹತ್ತಿರ ನಿಂತವನ ಮುಖ ನೋಡುವುದು ನಮ್ಮಲ್ಲಿ ವಾಡಿಕೆ. ಎಪ್ಪತ್ತರ ದಶಕದಲ್ಲಿ ಮುಂಬಯಿಯ ಒಂದು ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ ಹಾಗೆ ನಿಂತಿರುತ್ತಿದ್ದವನು ನಾನೇ. ಡಿಸ್ಕುಗಳ ಉಸ್ತುವಾರಿ ನನ್ನದು. ಆಗಿನ ಡಿಸ್ಕ್ ಅಂದರೆ ಒಂದರ ಮೇಲೊಂದು ಪೇರಿಸಿದ ತಟ್ಟೆಗಳು, ಮೇಲೊಂದು, ಒಳಗಿನದು ಮಸುಕಾಗಿ ಕಾಣುವ ಪ್ಲಾಸ್ಟಿಕ್ ಮುಚ್ಚಳ. ಧೂಳು ಬಿದ್ದರೂ ಕೆಟ್ಟಿತು, ಬೆರಳು ತಾಗಿದರೂ ಕೆಟ್ಟಿತು.

ಗೇಟಿನಲ್ಲಿ

ದಾದರಿನ ಆಫೀಸಿನಿಂದ ಬೊರಿವಲಿ ಶಾಖೆಗೆ ಡಿಸ್ಕ್ ಒಯ್ಯುವಾಗ ವಾಚ್‌ಮನ್ ತಡೆದ.

"ಅಂದರ್ ಕ್ಯಾ ಹೈ?"

"ಕಂಪನಿ ಕಾ ಹಿಸಾಬ್."

"ಹಿಸಾಬ್ ಕಾಗಜ್ ಪೆ ಹೋತಾ ಹೈ. ಯೇ ಕ್ಯಾಂಟೀನ್ ಕಾ ಥಾಲಿ ಹೈ. ಖೋಲೋ!"

ತೆರೆದರೆ ಧೂಳು, ತೆರೆಯದಿದ್ದರೆ ಕಳ್ಳತನ. ಕೊನೆಗೆ ಕ್ಯಾಂಟೀನಿನ ಅಡುಗೆಯವನು ಬಂದು, ಇವು ನಮ್ಮವಲ್ಲ ಎಂದು ಆಣೆ ಮಾಡಿದ ಮೇಲೆ ದಾರಿ ಬಿಟ್ಟ. ಬಿಡುವಾಗ ಮೆಲ್ಲಗೆ ಕೇಳಿದ: "ತೋ ಫಿರ್ ಕಿಸ್ ಹೋಟೆಲ್ ಕಾ ಹೈ?"

ಹುಳುಕು ಬದನೆಕಾಯಿ

ನಮ್ಮ ಸಾಹೇಬರು ಬೆಳಗಾವಿ ಕಡೆಯವರು. ಕ್ಯಾಂಟೀನಿನ ಚಹಾವನ್ನೂ ಮೂಸಿ ನೋಡಿಯೇ ಕುಡಿಯುವವರು. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಹಾಳಾಗಿದೆ ಎಂದದ್ದಕ್ಕೆ ಹುಬ್ಬೇರಿಸಿದರು.

"ಗಾಬರಿ ಆಗಬ್ಯಾಡ್ರಿ ಸಾಹೇಬ್ರ," ಎಂದೆ. "ಬದನಿಕಾಯಿ ಹುಳಕಿದ್ದಷ್ಟು ತಗದು ಉಳದದ್ದು ಪಲ್ಯಾ ಮಾಡಂಗಿಲ್ಲೇನ್ರಿ? ಹಂಗ, ಕೆಟ್ಟ ಜಾಗಾಕ್ಕ ಗುರುತು ಹಾಕೇನಿ. ಅಲ್ಲಿ ಬರಿಯೋದನ್ನ ಮಿಶಿನ್ನು ಬ್ಯಾರೆ ಜಾಗಾದಾಗ ಬರಿತೈತಿ."

"ಹುಳಾ ತಾನಾಗೇ ಬಂತೋ, ಯಾರರೆ ಬಿಟ್ಟರೋ?"

"ಹೊಸಾ ಡಿಸ್ಕಿನಾಗೂ ಒಂದೆರಡು ಕೆಟ್ಟ ಜಾಗಾ ಇರತಾವ್ರಿ. ತಯಾರ ಮಾಡಿದವರೇ ಬರದು ಕೊಟ್ಟಿರತಾರ."

ಸಾಹೇಬರು ಎದ್ದೇ ನಿಂತರು. "ಅಂದ್ರ ಅವರೂ ಇದರಾಗ ಶಾಮೀಲ ಅದಾರ!"

ಬಲೆ

ಆಮೇಲೆ ಡಿಸ್ಕಿನಲ್ಲಿ ಮೇಲಿಂದ ಮೇಲೆ ಹೊಸ ಜಾಗಗಳು ಕೆಡತೊಡಗಿದವು. ಸರಿಪಡಿಸಿ ಮನೆಗೆ ಹೋದರೆ ಬೆಳಗ್ಗೆ ಮತ್ತೆ ಅದೇ ಗೋಳು. ಕಂಪ್ಯೂಟರಿನಿಂದ ಕೆಲಸ ಹೋಗುತ್ತದೆಂದು ಗುಮಾಸ್ತರು ಗೊಣಗುತ್ತಿದ್ದ ಕಾಲ. ನಾನು ಅವರ ಜೊತೆ ಸೇರಿಕೊಂಡಿದ್ದೇನೆ ಎಂದು ಸಾಹೇಬರು ತೀರ್ಮಾನಿಸಿದರು.

"ಇನ್ನೊಮ್ಮೆ ಕೆಟ್ಟರ ನೀ ನೌಕರಿ ಬಿಟ್ಟು ನಿಮ್ಮೂರು ಧಾರವಾಡದ ಗಾಡಿ ಹತ್ತು!"

ನಿಜಕ್ಕೂ ಹೆದರಿದೆ. ಚಾಳಿನ ಖೋಲಿಯಲ್ಲಿ ಹೆಂಡತಿಗೆ ಹೇಳಲೂ ಬಾಯಿ ಬರಲಿಲ್ಲ. ನನಗೂ ಗುಮಾನಿಯ ರೋಗ ಅಂಟಿತು. ಎಸಿ ಮೆಕ್ಯಾನಿಕ್ ಸೀನಿದರೂ ಬೇಕೆಂದೇ ಸೀನಿದನೆನ್ನಿಸುತ್ತಿತ್ತು.

ಒಂದು ಬೆಳಗ್ಗೆ, ನಾನು ಡಿಸ್ಕ್ ಮುಟ್ಟುವ ಮೊದಲೇ ಸಾಹೇಬರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ಕೈ ತೋರಸ್ರಿ! ನಿನ್ನಿ ಸಂಜೀಕ ಮುಚ್ಚಳದ ಹಿಡಿಕಿಗೆ ಅರಿಶಿಣಪುಡಿ ಸವರೇನಿ. ಕಳ್ಳ ತೊಳಕೊಂಡರೂ ಹೋಗಂಗಿಲ್ಲ."

ಎಲ್ಲರ ಕೈಯೂ ಸ್ವಚ್ಛ. ಸಾಹೇಬರು ಪೆಚ್ಚಾಗಿ, ಮುಚ್ಚಳ ತೆಗೆಯಲು ಹೇಳಿದರು. ಹಿಡಿಕೆಗೆ ಕರವಸ್ತ್ರ ಸುತ್ತಿ ತೆಗೆದೆ. ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಯವರೆಗೆ, ಒಂದೊಂದರ ಅಂಚಿಗೂ ಹಳದಿ ಬೆರಳಿನ ಗುರುತು!

ಕೋಣೆಯಲ್ಲಿ ಹಳದಿ ಬೆರಳು ಇದ್ದದ್ದು ಒಂದೇ. ಅದು ನಮ್ಮತ್ತ ಚಾಚಿಕೊಂಡಿತ್ತು.

"ಸಾಹೇಬ್ರ, ಒಳಗ ನೀವ್ಯಾಕ ಕೈ ಹಾಕಿದ್ರಿ?"

"ದಿನಾ ಸಂಜೀಕ ಹಾಕತೇನಿ. ತಾಟು ಎಣಸಬ್ಯಾಡೇನು? ನೀವು ಒಂದರೆ ಹಾರಿಸಿದ್ರ?"

ನನ್ನ ನೌಕರಿ ಉಳಿದ ಖುಷಿಗೆ ಧೈರ್ಯ ಬಂತು. "ಹಂಗಾದ್ರ ಇಷ್ಟು ದಿನಾ ಡಿಸ್ಕ್ ಕೆಡಿಸಿದವರು ನೀವ ಆದ್ರೆಲ್ರಿ!"

ಸಾಹೇಬರು ತಮ್ಮ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ಗಂಭೀರವಾಗಿ ಅಂದರು:

"ನೋಡಿದ್ಯಾ? ಅದಕ್ಕ ಯಾರನ್ನೂ ನಂಬಬಾರದು ಅಂತೇನಿ."